ಕೊಂಡ್ಲಹಳ್ಳಿ ತಿರುವಿನ ಜಪಾನಿ ಹಾಡು

ಹೋದ ಭಾನುವಾರ ನಮ್ಮ ಶಾಲೆಯ ಗಣಿತದ ಟೀಚರ್ ಮನೆಗೆ ಬಂದಿದ್ದರು. ಮಂಡಕ್ಕಿಗೆ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿದು ಮುಂದಿಟ್ಟು, ನಾನು ನೋಡುತ್ತಿದ್ದ ಜಪಾನಿ ಕಾರ್ಟೂನಿನ ಹೊಸ ಕಂತು ಹಾಕಿದೆ. ಅವರನ್ನೂ ಈ ದಾರಿಗೆ ಎಳೆಯೋಣ ಎಂಬ ದುರಾಸೆ. ಶುರುವಿನ ಹಾಡು ಎರಡು ಸಾಲು ಆಗಿರಲಿಲ್ಲ, ಆಕೆ ರಿಮೋಟ್ ಕೈಗೆತ್ತಿಕೊಂಡು ಟಿ.ವಿ. ಮೂಲೆಯಲ್ಲಿ ಮೂಡಿದ್ದ ಚೌಕವನ್ನು ಒತ್ತಿಯೇಬಿಟ್ಟರು. ಹಾಡನ್ನು ಹಾರಿಸಿ ನೇರ ಕಥೆಗೆ ಹೋಗುವ ಗುಂಡಿ ಅದು. ಊಟಕ್ಕೆ ಕರೆದವರ ಮನೆಯಲ್ಲಿ ಕಾಲಿಗೆ ಕೊಟ್ಟ ನೀರನ್ನು ಪಕ್ಕಕ್ಕೆ ಸರಿಸಿ ಎಲೆಯ ಮುಂದೆ ಹೋಗಿ ಕೂತ ಹಾಗಾಯಿತು. ನಾನು ರಿಮೋಟ್ ಕಿತ್ತುಕೊಂಡೆ. ಬಜ್ಜಿಯ ತಟ್ಟೆಯನ್ನೂ ಸ್ವಲ್ಪ ನನ್ನ ಕಡೆಗೆ ಎಳೆದುಕೊಂಡೆ.

"ಕಥೆ ನೋಡೋಣ ಅಂತ ಅಷ್ಟೇ. ಹಾಡಲ್ಲೇನೈತೆ?" ಎಂದರು ಅವರು.

ಹಾಡಲ್ಲೇನೈತೆ ಎಂದು ಕೇಳಿದ್ದಕ್ಕೆ ಆವತ್ತು ನಾನು ಕೊಟ್ಟ ಉತ್ತರ ಎಷ್ಟು ಉದ್ದವಾಯಿತೆಂದರೆ, ಅವರ ಬಸ್ಸು ತಪ್ಪಿ ರಾತ್ರಿ ನಮ್ಮಲ್ಲೇ ಉಳಿಯಬೇಕಾಯಿತು. ಅದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ. ನಿಮಗೆ ಎದ್ದು ಹೋಗುವ ಅನುಕೂಲವಾದರೂ ಇದೆ.

ಮೊದಲಿಗೆ ನನ್ನ ಕುಲಗೋತ್ರ ಹೇಳಿಬಿಡುತ್ತೇನೆ. ಹೌದು, ನನಗೆ ನಲವತ್ತು ಹತ್ತಿರವಾಯಿತು. ಹೌದು, ಮೊಳಕಾಲ್ಮುರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೌದು, ಕಾರ್ಟೂನ್ ನೋಡುತ್ತೇನೆ, ದಿನಾ ನೋಡುತ್ತೇನೆ. ಇದನ್ನು ಯಾರೂ ತಪ್ಪೊಪ್ಪಿಗೆ ಎಂದು ತಿಳಿಯಬಾರದು. ನಮ್ಮೂರು ಚಳ್ಳಕೆರೆಯಲ್ಲಿ ನನ್ನ ವಾರಿಗೆಯವರು ಬೆಳಗಿನಿಂದ ಸಂಜೆವರೆಗೆ ಮೊಬೈಲಿನಲ್ಲಿ ಯಾರೋ ಯಾರಿಗೋ ಬೈಯುವುದನ್ನು ನೋಡುತ್ತಾರೆ, ಅವರನ್ನು ಯಾರೂ ಮಕ್ಕಳು ಅನ್ನುವುದಿಲ್ಲ. ಉಳ್ಳಾರ್ತಿ ಕಾವಲ್ ಕಡೆ ದೊಡ್ಡ ದೊಡ್ಡ ವಿಜ್ಞಾನಿಗಳು ಆಳಿಲ್ಲದ ವಿಮಾನ ಹಾರಿಸುತ್ತಾರೆ, ಅವರನ್ನೂ ಯಾರೂ ಆಟಿಕೆ ಆಡ್ತೀರಾ ಎಂದು ಕೇಳುವುದಿಲ್ಲ. ಎಲ್ಲರಿಗೂ ಸಿಕ್ಕಿಬಿದ್ದವಳು ನಾನೊಬ್ಬಳೇ.

ಸಿಕ್ಕಿಬಿದ್ದದ್ದು ಮೊದಲು ಅವ್ವನ ಕೈಗೆ. "ಲೇ ಶೈಲಾ, ನಿನ್ ಬೊಂಬೆ ಆಟ ಮುಗೀತೇನೆ?" ಎನ್ನುವುದು ಅವಳ ಸಂಜೆಯ ಮಂತ್ರ. ಒಂದು ದಿನ ಹತ್ತಿರ ಬಂದು ಕನ್ನಡಕ ಏರಿಸಿಕೊಂಡು ನೋಡಿದಳು. "ಅಲ್ಲ ಕಣೆ, ಈ ಹುಡುಗೀರ ಕಣ್ಣು ಯಾತಕ್ಕೆ ಇಷ್ಟು ದಪ್ಪ ಅದಾವೆ? ಏನಾರ ಕಾಯ್ಲೆ ಐತಾ?" ಎಂದು ಕೇಳಿದಳು. ಇಷ್ಟೆಲ್ಲ ಕೇಳುವ ಅವ್ವ, ತನ್ನ ಧಾರಾವಾಹಿಯ ಶುರುವಿನ ಹಾಡು ಬಂತೆಂದರೆ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿ ಬರುತ್ತಾಳೆ. ಆ ಧಾರಾವಾಹಿಯಲ್ಲಿ ಎರಡು ವರ್ಷದಿಂದ ಒಂದೇ ಮದುವೆ ನಡೆಯುತ್ತಿದೆ, ಇನ್ನೂ ತಾಳಿ ಕಟ್ಟಿಲ್ಲ. ಕಥೆಗಾಗಿ ಅವಳು ಓಡಿ ಬರುವುದಿಲ್ಲ, ಹಾಡು ಕರೆಯಿತು ಎಂದು ಬರುತ್ತಾಳೆ. ಇದನ್ನು ಹೇಳಿದರೆ ಒಪ್ಪುವುದಿಲ್ಲ. "ನಂದು ಸಂಸಾರದ್ದು, ನಿಂದು ಬೊಂಬೇದು" ಎನ್ನುತ್ತಾಳೆ.

ನನಗೆ ಈ ಹುಚ್ಚು ಹಿಡಿಸಿದ್ದು ವಿದ್ಯುತ್ ಇಲಾಖೆ ಎಂದೇ ಹೇಳಬೇಕು. ನಾನು ಪ್ರೈಮರಿಯಲ್ಲಿದ್ದಾಗ ನಮ್ಮ ಬೀದಿಗೆ ಕೇಬಲ್ ಬಂದಿತ್ತು, ಕರೆಂಟು ಮಾತ್ರ ಅದಕ್ಕೆ ಮನಸ್ಸು ಬಂದಾಗ ಬರುತ್ತಿತ್ತು. ಸಂಜೆ ಒಂದು ಚಾನೆಲ್ಲಿನಲ್ಲಿ ದೀಪ ಹಚ್ಚುವ ಹುಡುಗನೊಬ್ಬನ ಕಾರ್ಟೂನು. ಸಮುದ್ರದ ದಂಡೆಯ ಊರುಗಳಲ್ಲಿ ಆರಿಹೋದ ದೊಡ್ಡ ದೊಡ್ಡ ದೀಪಗಳನ್ನು ಹುಡುಕಿಕೊಂಡು ಹೋಗಿ ಹಚ್ಚುವುದು ಅವನ ಕೆಲಸ. ಮಾತೆಲ್ಲ ಹಿಂದಿ, ಹಾಡು ಮಾತ್ರ ಜಪಾನಿಯಲ್ಲೇ ಉಳಿದಿತ್ತು. ಹುಡುಗ ಗೋಡೆಯ ಮೇಲೆ ಓಡುತ್ತಾನೆ, ಗಾಳಿ ಬೀಸುತ್ತದೆ, ಒಬ್ಬಳು ಹುಡುಗಿ ತಿರುಗಿ ನೋಡುತ್ತಾಳೆ, ಹಾಡು ಮುಗಿಯುತ್ತದೆ, ಹುಡುಗ ಮಾತಾಡಲು ಬಾಯಿ ತೆರೆಯುತ್ತಾನೆ, ಟಪ್ ಎಂದು ಕರೆಂಟು ಹೋಗುತ್ತದೆ. ಆ ಬೇಸಿಗೆಯೆಲ್ಲ ಲೋಡ್ ಶೆಡ್ಡಿಂಗು ಅದೇ ಹೊತ್ತಿಗೆ. ನಾನು ನೋಡಿದ್ದು ಹಾಡನ್ನು ಮಾತ್ರ.

ಹಾಗಾಗಿ ಕಥೆಯನ್ನು ನಾನೇ ಕಟ್ಟಿಕೊಂಡೆ. ಕತ್ತಲಲ್ಲಿ ಅಪ್ಪ ಎಣ್ಣೆ ಅಂಗಡಿಯಿಂದ ಬರುವವರೆಗೆ ಕಟ್ಟೆಯ ಮೇಲೆ ಕೂತು, ಬೀದಿಯ ಹುಡುಗಿಯರಿಗೆಲ್ಲ ಆವತ್ತಿನ ಕಂತು ಹೇಳುತ್ತಿದ್ದೆ. ಒಂದು ಕಂತಿನಲ್ಲಿ ಆ ಹುಡುಗ ನಮ್ಮೂರಿಗೂ ಬಂದು ಹೋದ. ಅವರೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದರು, ಯಾಕೆಂದರೆ ಅವರ ಮನೆಯಲ್ಲೂ ಕರೆಂಟು ಹೋಗಿರುತ್ತಿತ್ತು. ದೊಡ್ಡವಳಾಗಿ ಸಂಬಳ, ಇಂಟರ್ನೆಟ್ಟು ಎಲ್ಲ ಬಂದ ಮೇಲೆ ಇಡೀ ಕಾರ್ಟೂನನ್ನು ಕೂತು ನೋಡಿದೆ. ಚೆನ್ನಾಗಿಯೇ ಇತ್ತು. ಆದರೆ ನನ್ನ ಕಥೆಯಲ್ಲಿ ಆ ಹುಡುಗಿ ಸಾಯುವುದಿಲ್ಲ. ಈಗಲೂ ಹಾಡು ಬಂದರೆ ನನಗೆ ನೆನಪಾಗುವುದು ನನ್ನ ಕಥೆಯೇ.

ಒಂದೂವರೆ ನಿಮಿಷದ ಹಾಡೊಂದು ಯಾಕೆ ಹೀಗೆ ಜೀವಕ್ಕೆ ಅಂಟಿಕೊಳ್ಳುತ್ತದೆ ಎಂದು ತಿಳಿದವರು ಇಂಟರ್ನೆಟ್ಟಿನಲ್ಲಿ ಬಹಳ ಬರೆಯುತ್ತಾರೆ. ಗಿಟಾರು ಎನ್ನುತ್ತಾರೆ, ತಾಳ ಎನ್ನುತ್ತಾರೆ, ಚಿತ್ರ ಕತ್ತರಿಸಿ ಜೋಡಿಸಿದ ಚಂದ ಎನ್ನುತ್ತಾರೆ. ಇರಬಹುದು. ಜಪಾನಿನವರು ಹಾಡಿನಲ್ಲಿ ಯಾಕೆ ಅಷ್ಟೊಂದು ಓಡುತ್ತಾರೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಯಾರೂ ಅಟ್ಟಿಸಿಕೊಂಡು ಬರುತ್ತಿರುವುದಿಲ್ಲ, ಬಸ್ಸೂ ತಪ್ಪಿರುವುದಿಲ್ಲ, ಆದರೂ ಓಡುತ್ತಾರೆ. ಓಡಿ ಓಡಿ ಕೊನೆಗೆ ಒಂದು ಗುಡ್ಡ ಹತ್ತಿ ಆಕಾಶ ನೋಡುತ್ತಾರೆ. ನೋಡುತ್ತಿರುವ ನನಗೂ ಎದ್ದು ಓಡಬೇಕು ಅನ್ನಿಸುತ್ತದೆ, ಮಂಡಿನೋವು ಇಲ್ಲದಿದ್ದರೆ ಓಡಿಯೂ ಬಿಡುತ್ತಿದ್ದೆ.

ನನ್ನ ಅನುಭವ ಹೇಳುತ್ತೇನೆ. ಮೊದಲ ದಿನ ಆ ಹಾಡಿನಲ್ಲಿ ಬರುವವರೆಲ್ಲ ಗುರುತಿಲ್ಲದ ಮುಖಗಳು. ಬೀಗರ ಮನೆಯ ಫೋಟೋ ಆಲ್ಬಮ್ ನೋಡಿದಂತೆ ಸುಮ್ಮನೆ ನೋಡುತ್ತೀರಿ. ದಿನ ಕಳೆದಂತೆ ಒಬ್ಬೊಬ್ಬರ ಕಷ್ಟಸುಖ ತಿಳಿಯುತ್ತದೆ. ಆಮೇಲೊಂದು ದಿನ ಅದೇ ಹಾಡು, ಅದೇ ಮುಖ, ಆದರೆ ಅವನು ಸತ್ತು ಎರಡು ಕಂತಾಗಿದೆ. ಹಾಡಿನಲ್ಲಿ ಮಾತ್ರ ಇನ್ನೂ ನಗುತ್ತಿದ್ದಾನೆ. ಹಾಡು ಬದಲಾಗಿಲ್ಲ, ಕೇಳುವ ನೀವು ಬದಲಾಗಿದ್ದೀರಿ. ಅರ್ಥವಾಗದ ಭಾಷೆ ಎಂಬುದೂ ಒಳ್ಳೆಯದೇ ಆಯಿತು, ಆ ಮಾತುಗಳಲ್ಲಿ ನನಗೆ ಬೇಕಾದ್ದನ್ನೆಲ್ಲ ತುಂಬಿಕೊಂಡೆ. ಇನ್ನೊಂದು ಗುಟ್ಟು, ಹಾಡು ಎತ್ತರಕ್ಕೆ ಏರುವ ಮುಂಚೆ ಒಂದು ಕ್ಷಣ ಎಲ್ಲ ವಾದ್ಯಗಳೂ ನಿಂತುಬಿಡುತ್ತವೆ. ಆ ಮೌನದಲ್ಲಿ ಎದೆ ಢವಗುಟ್ಟದವರು ಯಾರೂ ಇಲ್ಲ. ಇದ್ದರೆ ಅವರ ಜೊತೆ ನನಗೆ ಮಾತಿಲ್ಲ.

ಗಣಿತದ ಟೀಚರ್ ಇಷ್ಟನ್ನೂ ಕೇಳಿ, "ಇದೆಲ್ಲ ನಿಮ್ಮಂಥೋರಿಗೆ. ಮಾಮೂಲಿ ಜನಕ್ಕೆ ಯಾಕೆ ಬೇಕು?" ಎಂದರು. ಆಗ ನಾನು ಬಸ್ಸಿನ ವಿಷಯ ತೆಗೆಯಲೇಬೇಕಾಯಿತು.

ನಾನು ದಿನಾ ಬೆಳಿಗ್ಗೆ ಚಳ್ಳಕೆರೆಯಿಂದ ಕೊಂಡ್ಲಹಳ್ಳಿ ಮೇಲೆ ಮೊಳಕಾಲ್ಮುರಿಗೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ಹೋಗುತ್ತೇನೆ. ಡ್ರೈವರ್ ಪಾಲಯ್ಯ. ಐವತ್ತು ದಾಟಿದ ಮನುಷ್ಯ, ಮೀಸೆಗೆ ಬಣ್ಣ, ತಲೆಗೆ ಇಲ್ಲ. ನಮ್ಮ ಕಡೆಯ ಬಸ್ಸುಗಳಿಗೆ ಒಂದು ಪದ್ಧತಿಯಿದೆ. ಸ್ಟ್ಯಾಂಡಿನಲ್ಲಿ ನಿಂತಿರುವಾಗ ಊದುಬತ್ತಿ, ನಿಂಬೆಹಣ್ಣು, ದೇವರ ಹಾಡು. ಊರು ಬಿಟ್ಟ ಮೇಲೆ ಡ್ರೈವರನ ಇಷ್ಟ. ಪ್ರತಿ ಹಳ್ಳಿಯ ತಿರುವಿನಲ್ಲಿ ಅವನು ತನ್ನದೇ ಒಂದು ಹಾಡನ್ನು ಜೋರಾಗಿ ಹಾಕುತ್ತಾನೆ. ಮನೆಯೊಳಗಿದ್ದವರು ಆ ಹಾಡಿನಿಂದಲೇ ಯಾವ ಬಸ್ಸು ಬಂತೆಂದು ತಿಳಿದು ಹೊರಗೆ ಬರುತ್ತಾರೆ. ಹಾರನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದನ್ನು ಎಮ್ಮೆಗೂ ಹೊಡೆಯುತ್ತಾರೆ.

ಹೋದ ವರ್ಷ ಒಂದು ಬೆಳಿಗ್ಗೆ ಪಾಲಯ್ಯನ ಪೆನ್ ಡ್ರೈವ್ ಕೆಟ್ಟು ಕೂತಿತು. ನಾನು ಅವನ ಹಿಂದಿನ ಸೀಟಿನಲ್ಲಿದ್ದೆ.

"ಮೇಡಂ, ನಿಮ್ ಫೋನಾಗೆ ಯಾವುದಾರ ಹಾಡು ಐತೇನ್ರಿ? ಕೊಂಡ್ಲಹಳ್ಳಿ ಬಂತು" ಎಂದ.

ನನ್ನ ಫೋನಿನಲ್ಲಿ ಬೇರೆ ಹಾಡು ಇರಲಿಲ್ಲವೇ, ಇದ್ದವು. ಆದರೂ ದೀಪದ ಹುಡುಗನ ಹಾಡನ್ನೇ ಹಾಕಿಸಿದೆ. ನಗುವವರು ನಗಲಿ ಎಂದು ಗಟ್ಟಿಯಾಗಿ ಕೂತೆ. ಬಸ್ಸಿನಲ್ಲಿ ಯಾರೂ ನಗಲಿಲ್ಲ. ಕನ್ನಡದವರು ಇದು ತೆಲುಗು ಎಂದರು. ತೆಲುಗಿನವರು ತಮಿಳು ಎಂದರು. ಮೊಳಕಾಲ್ಮುರಿನ ಸಂತೆಗೆ ಹೊರಟಿದ್ದ ಬಳೆ ಸಾಬರು, "ಉರ್ದು ಅಂತೂ ಅಲ್ಲ ಬಿಡ್ರಿ" ಎಂದು ತಮ್ಮ ಪಾಲಿನ ಹೊಣೆ ಕಳೆದುಕೊಂಡರು. ಪಾಲಯ್ಯ ಮಾತ್ರ, ವಾದ್ಯಗಳು ನಿಲ್ಲುವ ಆ ಜಾಗ ಬಂದಾಗ ಸರಿಯಾಗಿ ತಿರುವಿನಲ್ಲಿ ಗೇರ್ ಬದಲಿಸಿ, ಹಾಡು ಏರುತ್ತಿದ್ದಂತೆ ಗಾಡಿಯನ್ನೂ ಏರಿಸಿದ.

"ಮೇಡಂ, ಇದು ಗಾಡಿ ಎತ್ತೋ ಹಾಡು ಕಣ್ರಿ. ಮೈ ಜುಂ ಅಂತೈತೆ" ಎಂದ. ಮಾರನೆಯ ದಿನ ಹೊಸ ಪೆನ್ ಡ್ರೈವ್ ತಂದು ಅದಕ್ಕೆ ತುಂಬಿಸಿಕೊಂಡ. ನನಗೆ ಎಷ್ಟು ಸಂತೋಷವಾಯಿತೆಂದರೆ, ಆವತ್ತು ಶಾಲೆಯಲ್ಲಿ ಯಾರಿಗೂ ಬೈಯಲಿಲ್ಲ.

ಹೀಗೆ ಅದು ನಮ್ಮ ಬಸ್ಸಿನ ಹಾಡಾಯಿತು. ಕೊಂಡ್ಲಹಳ್ಳಿಯಲ್ಲಿ ಗಂಗಜ್ಜಿ ಎಂಬ ಹೂವಿನ ಮುದುಕಿ ಹತ್ತುತ್ತಾಳೆ. ಕನಕಾಂಬರ, ಕಾಕಡ ಕಟ್ಟಿಕೊಂಡು ಮೊಳಕಾಲ್ಮುರಿನ ಪೇಟೆಗೆ ಹೋಗಿ ಮಾರುವುದು ಅವಳ ಜೀವನ. ತಿರುವಿನಲ್ಲಿ ಹಾಡು ಎದ್ದಿತೆಂದರೆ ಮನೆಯಲ್ಲಿ ಕೊನೆಯ ಗಂಟು ಹಾಕಿ ಬುಟ್ಟಿ ಎತ್ತುತ್ತಾಳೆ, ಹಾಡು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಇರುತ್ತಾಳೆ. ಅವಳ ಮನೆಮಾತು ತೆಲುಗು. ಒಂದು ದಿನ ನಾನು, "ಅಜ್ಜಿ, ಇದು ಜಪಾನ್ ಭಾಷೆ" ಎಂದು ವಿಜ್ಞಾನದ ಟೀಚರಿಗೆ ತಕ್ಕಂತೆ ವಿವರಿಸಲು ಹೋದೆ. "ಏ ಭಾಷೈತೇ ಏಮಿ, ಯಾವುದಾದ್ರೇನು? ಯಾರೋ ಯಾರನ್ನೋ ಕರೀತಾವ್ರೆ, ಅಷ್ಟು ತಿಳೀತೈತೆ" ಎಂದಳು. ನಾನು ವರ್ಷಗಟ್ಟಲೆ ಓದಿ ತಿಳಿಯಲು ಹೆಣಗಿದ್ದು ಅಷ್ಟೇ ಆಗಿತ್ತು.

ಚೆನ್ನಾಗಿರುವುದನ್ನು ಕಂಡರೆ ಯಾರಿಗಾದರೂ ಹೊಟ್ಟೆ ಉರಿಯಬೇಕಲ್ಲ. ಯಾವುದೋ ಮದುವೆ ಊಟದಲ್ಲಿ ಬಸ್ಸಿನ ಮಾಲೀಕರಿಗೆ ಯಾರೋ, "ನಿಮ್ ಗಾಡಿಯಾಗೆ ಬೊಂಬೆ ಹಾಡು ಹಾಕ್ತಾರಂತಲ್ಲ" ಎಂದು ಎಲ್ಲರೆದುರು ನಕ್ಕರಂತೆ. ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಾರೆ. ನಮ್ಮ ಬಳಗಕ್ಕೆ ಬೇಕಾದವರೇ, ಅಪ್ಪನ ಅಂಗಡಿ ಕಟ್ಟೆಯಲ್ಲಿ ಕೂತು ಎದ್ದವರು. ಕೆಟ್ಟವರಲ್ಲ. ನಗೆಪಾಟಲಾಗುವುದೆಂದರೆ ಮಾತ್ರ ಅವರಿಗೆ ಜ್ವರ ಬಂದಂತೆ. ಮಾರನೆಯ ಬೆಳಿಗ್ಗೆಯೇ ಸ್ಟ್ಯಾಂಡಿಗೆ ಬಂದು, ಆ ಹಾಡು ಇನ್ನು ಮೇಲೆ ಕೂಡದು ಎಂದು ಪಾಲಯ್ಯನಿಗೆ ಹೇಳಿದರು. ನಾನು ಸೀಟಿನಿಂದ ಇಳಿದು ಹೋದೆ.

"ಹಾಡು ಕೊಟ್ಟೋಳು ನಾನು ಸಾವ್ಕಾರ್ರೇ. ಏನಿದ್ರೂ ನನಗೆ ಹೇಳ್ರಿ" ಎಂದೆ.

"ನೀನು ಎಣ್ಣೆ ಅಂಗಡಿ ಅಣ್ಣಾರ ಮಗಳು. ನಾಕು ಮಕ್ಕಳಿಗೆ ಪಾಠ ಹೇಳೋಳು. ಕಾರ್ಟೂನ್ ಹಾಡು ಅಂದ್ರೆ ಜನ ಏನಂತಾರೆ ತಾಯಿ?"

"ಏನಂತಾರೆ ಅನ್ನೋದನ್ನ ಹುಟ್ಟಿದಾಗಿಂದ ಕೇಳಿಸ್ಕೊಂಡು ಬಂದೀನಿ. ಹೊಸದೇನಾರ ಇದ್ರೆ ಹೇಳ್ರಿ."

ಹೊಸದನ್ನು ಮಾಡಿದ್ದು ಪಾಲಯ್ಯ. ಆವತ್ತೂ ಕೊಂಡ್ಲಹಳ್ಳಿ ತಿರುವಿನಲ್ಲಿ ಅದೇ ಹಾಡು ಹಾಕಿದ, ಅದೂ ಎಂದಿಗಿಂತ ಜೋರಾಗಿ. ಸಂಜೆಯೊಳಗೆ ಸುದ್ದಿ ಮುಟ್ಟಿತು. ಸಾವ್ಕಾರ್ರು ಹಾಡಿನ ಡಬ್ಬಿಯನ್ನೇ ಬಿಚ್ಚಿಸಿ ಮನೆಗೆ ಒಯ್ದರು. "ಇನ್ನೊಂದ್ಸಲ ನನ್ ಮಾತು ಮೀರಿದ್ರೆ ಬೇರೆ ಗಾಡಿ ನೋಡ್ಕೋ" ಎಂದರಂತೆ. ಪಾಲಯ್ಯ ಇದನ್ನು ನನಗೆ ಹೇಳುವಾಗ ರಸ್ತೆಯನ್ನೇ ನೋಡುತ್ತಿದ್ದ. ನನ್ನನ್ನು ಬೊಂಬೆ ಆಟದವಳು ಎಂದು ಜೀವನಪೂರ್ತಿ ನಕ್ಕವರನ್ನು ಸಹಿಸಿದ್ದೆ. ಈಗ ಆ ಹಾಡಿಗೆ ಅದರದೇ ಜನ ಸಿಕ್ಕಿದ್ದರು, ಸಾವ್ಕಾರ್ರು ಅವರ ಕಿವಿಯಿಂದ ಅದನ್ನು ಕಿತ್ತುಕೊಂಡಿದ್ದರು. ಇದನ್ನು ಸಹಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಆವತ್ತು ಮೂಕ ಬಸ್ಸು ಕೊಂಡ್ಲಹಳ್ಳಿಗೆ ಹೋಗಿ ನಿಂತಿತು. ಯಾರೂ ಬರಲಿಲ್ಲ. ಪಾಲಯ್ಯ ಹಾರನ್ ಹೊಡೆದ. ಎಮ್ಮೆಗಿರಬಹುದು ಎಂದುಕೊಂಡು ಜನ ಮನೆಯಲ್ಲೇ ಕೂತರು. ಟೀ ಅಂಗಡಿಯ ಮುಂದೆ ಕೂತವರು ಕೂಡ ತಲೆ ಎತ್ತಿ ನೋಡಿ, ಇದು ಬೇರೆ ಯಾವುದೋ ಗಾಡಿ ಎಂದು ಮತ್ತೆ ಬೀಡಿ ಹಚ್ಚಿದರು. ಬಸ್ಸು ಯಾರನ್ನೂ ಹತ್ತಿಸಿಕೊಳ್ಳದೆ ಹೊರಟಿತು. ಮಾರನೆಯ ದಿನವೂ ಅದೇ ಗತಿ. ಗಂಗಜ್ಜಿಗೆ ಎರಡು ದಿನವೂ ಗಾಡಿ ತಪ್ಪಿತು. ಮುಂದಿನ ಬಸ್ಸು ಬರುವ ಹೊತ್ತಿಗೆ ಬಿಸಿಲೇರಿ, ಪೇಟೆಯಲ್ಲಿ ಪೂಜೆಗೆ ಹೂ ಕೊಳ್ಳುವವರೆಲ್ಲ ಕೊಂಡು ಹೋಗಿ ಆಗಿರುತ್ತದೆ.

ಮೂರನೆಯ ದಿನ, ಸೀಟೆಲ್ಲ ಯಾಕೆ ಖಾಲಿ ಹೋಗುತ್ತಿವೆ ಎಂದು ನೋಡಲು ಸಾವ್ಕಾರ್ರೇ ಬಸ್ಸು ಹತ್ತಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಬಾಗಿಲ ಪಕ್ಕದ ಸೀಟು. ಕೊಂಡ್ಲಹಳ್ಳಿ ಬಂತು. ಈ ಸಲ ಗಂಗಜ್ಜಿ ಮುಂಚೆಯೇ ಬಂದು ರಸ್ತೆಯಲ್ಲಿ ನಿಂತಿದ್ದಳು, ಅವಳ ಹಿಂದೆ ಊರಿನ ಹತ್ತಾರು ಜನ. ಬಸ್ಸು ನಿಂತ ಕೂಡಲೇ ಅಜ್ಜಿ ಬುಟ್ಟಿಯನ್ನು ಒಳಗಿಟ್ಟು, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ನೆಲದ ಮೇಲೇ ಊರಿ ನಿಂತುಬಿಟ್ಟಳು. ಅವಳು ಹತ್ತುವವರೆಗೆ ಹಿಂದಿನವರು ಹತ್ತುವಂತಿಲ್ಲ, ಬಸ್ಸು ಹೊರಡುವಂತಿಲ್ಲ.

"ಪಾಲಯ್ಯ, ಹಾಡೆಲ್ಲಿ?" ಎಂದಳು.

"ಡಬ್ಬಿ ಇಲ್ಲಜ್ಜಿ. ಸಾವ್ಕಾರ್ರು ಬಿಚ್ಚಿಸವ್ರೆ."

"ಯಾರಪ್ಪ ಸಾವ್ಕಾರ್ರು?"

"ನಾನೇ ಅಜ್ಜಿ. ಹತ್ತು, ಹೊತ್ತಾಗ್ತೈತೆ" ಎಂದರು ಸಾವ್ಕಾರ್ರು.

"ನೀನು ಹಾಡು ಹಾಕ್ಸು, ನಾನು ಹತ್ತುತೀನಿ. ಎರಡು ದಿನ ನನ್ ಹೂವು ಬಾಡಿದ್ವು."

"ಅದು ಸಣ್ ಹುಡುಗ್ರ ಬೊಂಬೆ ಹಾಡಜ್ಜಿ. ದೊಡ್ಡೋರು ಕೇಳೋದಲ್ಲ."

"ಆದ್ರೇನಾತು? ನಾನು ಸಣ್ಣೋಳಿದ್ದಾಗ ನನಗೆ ಯಾರು ಬೊಂಬೆ ಕೊಟ್ಟಿದ್ರು? ಅವಾಗ ಕಳೆ ಕಿತ್ತೆ, ಕುರಿ ಕಾಯ್ದೆ. ಈಗ ಕೇಳ್ತೀನಿ" ಎಂದಳು ಗಂಗಜ್ಜಿ.

ಸಾವ್ಕಾರ್ರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ನಾನು ಫೋನು ತೆಗೆದು ಹಾಡು ಹಾಕಿದೆ. ಬಸ್ಸಿನ ಇಂಜಿನ್ನಿನ ಮುಂದೆ ಅದು ಸೊಳ್ಳೆ ಗುಂಯ್ ಎಂದಷ್ಟು ಕೇಳಿಸಿತು. "ಅದೇನು ಕೇಳಂಗಿಲ್ಲ" ಎಂದು ಅಜ್ಜಿ ತಲೆಯಾಡಿಸಿದಳು. ಬೇರೆ ದಾರಿ ಇರಲಿಲ್ಲ. ನಾನು ಎದ್ದು ನಿಂತು, ಮೇಲಿನ ಕಂಬಿ ಹಿಡಿದುಕೊಂಡು, ಹಾಡತೊಡಗಿದೆ.

ನನ್ನ ಕಂಠದ ಬಗ್ಗೆ ಒಂದು ಮಾತು. ಶಾಲೆಯಲ್ಲಿ ನಾಡಗೀತೆಯ ಹೊತ್ತಿಗೆ ಹೆಡ್ ಮಾಸ್ಟರು ನನ್ನನ್ನು ಮೈಕಿನಿಂದ ದೂರ ನಿಲ್ಲಿಸುತ್ತಾರೆ. ಜಪಾನಿ ಭಾಷೆಯ ಒಂದು ಪದಕ್ಕೂ ನನಗೆ ಅರ್ಥ ಗೊತ್ತಿಲ್ಲ, ಉಚ್ಚಾರ ಪೂರ್ತಿ ಚಳ್ಳಕೆರೆಯದು. ಅದೇ ಗಂಟಲಿನಲ್ಲಿ, ಅದೇ ಉಚ್ಚಾರದಲ್ಲಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಡಿದೆ. ನಾಚಿಕೆಯಾಯಿತೇ ಎಂದು ಕೇಳಿದರೆ, ಆಯಿತು. ನಿಲ್ಲಿಸಲಿಲ್ಲ. ವಾದ್ಯಗಳು ನಿಲ್ಲುವ ಜಾಗ ಬಂದಾಗ ನಾನೂ ನಿಲ್ಲಿಸಿ ಉಸಿರು ತೆಗೆದುಕೊಂಡೆ. ಮುಂದಿನದು ನನ್ನ ಗಂಟಲಿಗೆ ಎಟುಕದ ಎತ್ತರ. ಆಗ ಪಾಲಯ್ಯ ತನ್ನ ಕೆಲಸದ ಆಸೆ ಬಿಟ್ಟು ಹಾರನ್ ಮೇಲೆ ಕೈಯಿಟ್ಟು ಎತ್ತಿಕೊಂಡ. ರಸ್ತೆಯಲ್ಲಿ ನಿಂತಿದ್ದವರು, ಬಸ್ಸಿನೊಳಗಿದ್ದವರು, ಪದ ಗೊತ್ತಿಲ್ಲದವರು ಲಾಲಾ ಎಂದುಕೊಂಡು, ಎಲ್ಲರೂ ಎತ್ತಿಕೊಂಡರು. ಬಳೆ ಸಾಬರು ಸೀಟಿನ ಕಬ್ಬಿಣದ ಮೇಲೆ ತಾಳ ಹಾಕಿದರು.

ಹಾಡು ಮುಗಿಯಿತು. ಸಾವ್ಕಾರ್ರು ರಸ್ತೆಯಲ್ಲಿ ಹತ್ತಲು ನಿಂತಿದ್ದ ತಲೆಗಳನ್ನು ಎಣಿಸಿದರು. ಆಮೇಲೆ ಪಾಲಯ್ಯನ ಬೆನ್ನಿಗೆ ಹೇಳಿದರು.

"ಲೇ ಪಾಲ, ಸಂಜೆ ಮನೆ ತಾವ ಬಾ. ಡಬ್ಬಿ ತಗೊಂಡೋಗು. ನಾಳೆಯಿಂದ ಅದೇ ಹಾಡು ಹಾಕು." ಇನ್ನೂ ಕಂಬಿ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು. "ತಾಯಿ, ನೀನು ಮಾತ್ರ ಹಾಡಬ್ಯಾಡ."

ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಗೆದ್ದವಳಿಗೆ ಅಷ್ಟು ಮಾತು ಭಾರವಲ್ಲ. ಕಂಡಕ್ಟರ್ ಗಂಗಜ್ಜಿಗೆ ಕೈ ಚಾಚಿದ. ಅಜ್ಜಿ ಕೈ ಹಿಡಿಯಲಿಲ್ಲ, ಕಾಲನ್ನೂ ಎತ್ತಲಿಲ್ಲ.

"ನಾಳೇದು ನಾಳೆ. ಎರಡು ದಿನದ್ದು ಬಾಕಿ ಐತೆ. ಇನ್ನೊಂದ್ಸಲ ಹಾಡವ್ವ" ಎಂದಳು.

ನಾನು ಇನ್ನೊಂದು ಸಲ ಹಾಡಿದೆ. ಈ ಸಲ ಸಾವ್ಕಾರ್ರ ಮುಖ ನೋಡಿಕೊಂಡೇ ಹಾಡಿದೆ.